ಹಸಿರು ಮಖಮಲ್ಲಿನ ನಿಲುವಂಗಿ

ಹೊಸಪೇಟೆಯ ಚರ್ಚಿನ ಕಲಾಕೇಂದ್ರಕ್ಕೆ ನನ್ನನ್ನು ಸೇರಿಸಿಕೊಂಡದ್ದು ಹೊಲಿಗೆ ಕಲಿಸಲಿಕ್ಕೆ. ಆರು ಮಷೀನು, ಹದಿನೆಂಟು ಹೆಣ್ಣುಮಕ್ಕಳು, ಲಂಗ, ಕುಬುಸ, ಕಾಜಾ, ಗುಂಡಿ. ಇಷ್ಟೇ ಕೆಲಸ ಅಂತ ಹೇಳಿ ಕರೆದಿದ್ದರು. ವರ್ಷ ತುಂಬುವಷ್ಟರಲ್ಲಿ ನಾಟಕದ ಪರದೆ ಹೊಲಿಯುವವಳು ನಾನು, ತಬಲಕ್ಕೆ ಗವಸು ಹಾಕುವವಳು ನಾನು, ಚಿತ್ರಕಲೆಯ ಮೇಷ್ಟ್ರು ರಜೆ ಹಾಕಿದರೆ ಮಕ್ಕಳ ಮುಂದೆ ಕಾಗದ ಹರಡುವವಳು ನಾನು, ಕೊನೆಗೆ ನಾಟಕದ ಹಾಲಿಗೆ ಬೀಗ ಹಾಕಿ ಬೀಗದಕೈ ಕೊಟ್ಟು ಬರುವವಳೂ ನಾನೇ. ಒಲ್ಲೆ ಅನ್ನಲು ಬಾರದವಳ ಹಣೆಬರಹ ಅದು. ಅಲ್ಲಿ ಕಳೆದ ಹದಿನಾಲ್ಕು ವರ್ಷ ನೆನೆಸಿಕೊಂಡರೆ ನನಗೆ ಮೊದಲು ನೆನಪಾಗುವುದು ಹಾಡಲ್ಲ, ಕುಣಿತವಲ್ಲ; ಬೆನ್ನುನೋವು.

ನನ್ನ ತವರು ಕಂಪ್ಲಿ. ಮದುವೆಯಾಗಿ ಬಂದದ್ದು ಚಿತ್ತವಾಡ್ಗಿಗೆ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ನಾನು ಚರ್ಚಿಗೆ ಕೆಲಸಕ್ಕೆ ಹೊರಟಾಗ ಅತ್ತೆಗೆ ದೊಡ್ಡ ಅನುಮಾನ. ಸೊಸೆ ಎಲ್ಲಿ ಕುಂಕುಮ ಬಿಟ್ಟುಬಿಡುತ್ತಾಳೋ ಅಂತ ದಿನಾ ಸಂಜೆ ನನ್ನ ಹಣೆ ನೋಡುತ್ತಿದ್ದಳು. ಆರು ತಿಂಗಳು ನೋಡಿ ನೋಡಿ ಸಾಕಾಗಿ, ಒಂದು ದಿನ ತಾನೇ ಸೆರಗು ಹೊದ್ದುಕೊಂಡು ಬಂದು ಹಾಲಿನ ಮೂಲೆಯಲ್ಲಿ ಕೂತು ಹಾಡು ಕೇಳಿದಳು. ಆಮೇಲೆ ಅಕ್ಕಪಕ್ಕದವರು ಏನಾದರೂ ಅಂದರೆ ಉತ್ತರ ಕೊಡುವ ಕೆಲಸವನ್ನು ಅವಳೇ ವಹಿಸಿಕೊಂಡಳು.

ಹಾಗೆ ನೋಡಿದರೆ ಆ ಕೇಂದ್ರಕ್ಕೆ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ನಮ್ಮಂಥವರೇ. ಕಾರ್ಖಾನೆಯ ಕೂಲಿಗಳು, ಸಣ್ಣ ಅಂಗಡಿಯವರ ಮಕ್ಕಳು, ಭತ್ತದ ನಾಟಿಗೆ ಅಂತ ಬಂದು ಕಾಲುವೆ ಬದಿಯಲ್ಲೇ ಉಳಿದುಬಿಟ್ಟವರು. ಸಂಜೆ ಕಾರ್ಖಾನೆಯ ಸೈರನ್ ಆದ ಮೇಲೆ ತಾಲೀಮು ಶುರು. ಪಾಳಿ ಬದಲಾದರೆ ಪಾತ್ರಧಾರಿಯೂ ಬದಲಾಗುತ್ತಿದ್ದ. ದೇವದೂತನ ಪಾತ್ರದವನು ಎರಡನೇ ಪಾಳಿಗೆ ಬಿದ್ದನೆಂದು ಅವನ ರೆಕ್ಕೆಯನ್ನು ಬಿಚ್ಚಿ, ಇನ್ನೊಬ್ಬನ ಹೆಗಲಿಗೆ ಸರಿಮಾಡಿ ಹೊಲಿದದ್ದು ಒಂದು ಸಲವಲ್ಲ.

ಫಾದರ್ ಮಂಗಳೂರು ಕಡೆಯವರು. ಒಳ್ಳೆಯ ಮನುಷ್ಯರು, ಆದರೆ ಒಳ್ಳೆಯವರ ಕೈಕೆಳಗೆ ದುಡಿಯುವುದು ಇನ್ನೂ ಕಷ್ಟ, ಬೈಯಲೂ ಬರುವುದಿಲ್ಲ. ಅವರಿಗೆ ಒಂದು ವರ್ಷ ಹೊಳೆಯಿತು: ಕ್ರಿಸ್ಮಸ್ಸಿನ ನಾಟಕವನ್ನು ಪ್ರತಿವರ್ಷ ಶಾಲೆಯ ಮಕ್ಕಳ ಹಾಗೆ ಆಡುವುದೇಕೆ, ಈ ಸೀಮೆಯ ಬಯಲಾಟದ ಧಾಟಿಯಲ್ಲಿ ಆಡಿದರೆ ಹಳ್ಳಿಯವರೂ ಬಂದು ನೋಡುತ್ತಾರಲ್ಲ ಅಂತ. ಮದ್ದಲೆಯವನನ್ನು ಹುಡುಕಿದರು. ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುವವರು, ಕೇಂದ್ರದಲ್ಲೇ ಇದ್ದರು. ಇನ್ನು ಬೇಕಾದದ್ದು ಒಬ್ಬ ರಾಜ. ಕಥೆಯಲ್ಲಿ ಒಬ್ಬ ಕ್ರೂರ ರಾಜ ಬರುತ್ತಾನಲ್ಲ, ಹುಟ್ಟಿದ ಕೂಸು ತನ್ನ ಗದ್ದುಗೆಗೆ ಕುತ್ತು ತಂದೀತೆಂದು ಹೆದರಿ ಊರಿನ ಹಸುಗೂಸುಗಳನ್ನೆಲ್ಲ ಕೊಲ್ಲಿಸಲು ಹೇಳುವವನು, ಅವನು.

ಆ ಸುದ್ದಿ ಹತ್ತಿರದ ಪಾಪಿನಾಯಕನಹಳ್ಳಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಒಂದು ಸಂಜೆ ಆ ಊರಿನಿಂದ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು ಹಿಡಿದ ಮನುಷ್ಯ ಹಾಲಿನ ಬಾಗಿಲಲ್ಲಿ ಬಂದು ನಿಂತ. ಅರವತ್ತರ ಹತ್ತಿರ ವಯಸ್ಸು. ಮೈಯೆಲ್ಲ ಕುರಿಯ ವಾಸನೆ. ನನ್ನ ಹುಡುಗಿಯರು ಮೂಗಿಗೆ ಸೆರಗು ಒತ್ತಿಕೊಂಡರು. ಇಲ್ಲಿ ರಾಜನ ಪಾತ್ರ ಐತಂತಲ್ರಿ ಅಂತ ಕೇಳಿ, ಉತ್ತರಕ್ಕೂ ಕಾಯದೆ ಗಂಟು ಬಿಚ್ಚಿದ. ಒಳಗೆ ಕಟ್ಟಿಗೆಯ ಭುಜಕೀರ್ತಿ, ಬೇಗಡೆ ಕಿತ್ತುಹೋದ ಕಿರೀಟ, ಎರಡು ಜೊತೆ ಗೆಜ್ಜೆ.

ಫಾದರ್ ಅವನಿಗೆ ಪಾತ್ರ ವಿವರಿಸಿದರು. ರಾಜ ಕೆಟ್ಟವನು, ಒಂದೇ ಸಲ ಬರುತ್ತಾನೆ, ಹತ್ತು ಮಾತು ಆಡುತ್ತಾನೆ, ಹೋಗುತ್ತಾನೆ. ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡು, ಕೆಟ್ಟವನಾದರೂ ರಾಜ ರಾಜನೇ ಅಲ್ಲವೇನ್ರಿ ಅಂದ. ಅವತ್ತಿನಿಂದ ನಾವೆಲ್ಲ ಅವನನ್ನು ಯಜಮಾನರೇ ಅಂತ ಕರೆದೆವು. ಅವನು ನನ್ನನ್ನು ಟೀಚರಮ್ಮ ಅನ್ನುತ್ತಿದ್ದ.

ಯಜಮಾನನ ತಕರಾರು ಮರುದಿನದಿಂದಲೇ. ರಾಜ ತನ್ನಷ್ಟಕ್ಕೆ ತಾನೇ ನಡೆದುಕೊಂಡು ಬಂದು ನಿಲ್ಲುವುದುಂಟೆ? ಮೊದಲು ಸಾರಥಿ ಬರಬೇಕು, ರಾಜ ಪರದೆಯ ಹಿಂದೆ ಗೆಜ್ಜೆ ಕುಟ್ಟಬೇಕು, ತಾವು ಯಾರು, ಯಾವ ದೇಶ, ಬಂದ ಕಾರಣವೇನು ಅಂತ ಸಾರಥಿ ಕೇಳಬೇಕು, ರಾಜ ತನ್ನ ದೊಡ್ಡಸ್ತಿಕೆ ಹೇಳಿಕೊಳ್ಳಬೇಕು. ಕೇಳುವವರಿಲ್ಲದೆ ರಾಜನಾಗುವುದು ಹೇಗೆ ಅಂತ ಅವನ ವಾದ. ಬಯಲಾಟ ಬೇಕೆಂದವರು ಫಾದರೇ ಆದ್ದರಿಂದ ಅವರು ಏನೂ ಅನ್ನುವಂತಿರಲಿಲ್ಲ. ಪೇಟಿ ಮಾಸ್ತರರೇ ಸಾರಥಿಯೂ ಆದರು.

ಆಮೇಲೆ ಅವನು ನನ್ನ ಬೆನ್ನು ಹತ್ತಿದ. ಮಂಡಿಯ ಕೆಳಗೆ ಬರುವ ನಿಲುವಂಗಿ ಬೇಕು. ಹಸಿರು ಬಣ್ಣದ್ದು. ಸಾದಾ ಬಟ್ಟೆ ಬ್ಯಾಡ, ಮಖಮಲ್ಲು. ಅಂಚಿಗೆ ಕನ್ನಡಿ. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸಂಡೂರು ಕಡೆಯ ಲಂಬಾಣಿ ಹೆಣ್ಣುಮಕ್ಕಳು ಇಬ್ಬರು ನನ್ನ ಕ್ಲಾಸಿಗೆ ಬರುತ್ತಿದ್ದರು, ಕನ್ನಡಿ ಕೂರಿಸುವುದನ್ನು ಅವರಿಗೆ ಒಪ್ಪಿಸಿದೆ. ಮಖಮಲ್ಲು ಮಷೀನಿನ ಕಾಲಡಿ ಜಾರುತ್ತದೆ. ಹೊಲಿದವರಿಗೇ ಗೊತ್ತು ಅದರ ಕಷ್ಟ. ಮೂರು ವಾರ ಆ ಒಂದು ಅಂಗಿಗೆ ಹೋಯಿತು. ಸೂಜಿ ಹಾಕಿ ಅಳತೆ ಸರಿಪಡಿಸುವಾಗ ಯಜಮಾನ ಕೈ ಅಗಲಿಸಿ ನಿಲ್ಲುತ್ತಿದ್ದ, ಅಲುಗುತ್ತಿರಲಿಲ್ಲ. ಅವನು ಬಾಯಿ ಬಿಡುತ್ತಿದ್ದದ್ದು ಆಗಲೇ.

ಮೊದಲು ಅವನ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ಯಾರಿಗೂ ಕೆಲಸವಿರುತ್ತಿರಲಿಲ್ಲವಂತೆ. ಆ ಮೂರು ತಿಂಗಳೇ ಬಯಲಾಟದ ತಾಲೀಮು. ಕಾಲುವೆ ಬಂತು, ಎರಡು ಬೆಳೆ ಬಂದವು, ಜನರಿಗೆ ಪುರುಸೊತ್ತು ಹೋಯಿತು. ಟ್ರಾಕ್ಟರು ಬಂತು, ರೇಡಿಯೊ ಬಂತು, ರಾತ್ರಿಯೆಲ್ಲ ಕೂತು ಆಟ ನೋಡುವವರು ನೀರಿನ ಸರದಿ ಕಾಯಲು ಗದ್ದೆಗೆ ಹೋದರು. ಚೋರನೂರು ಕಡೆ ಇನ್ನೂ ಆಡುತ್ತಾರಂತೆ, ಅಲ್ಲಿ ಕಾಲುವೆ ಇಲ್ಲವಲ್ಲ ಅಂತ ನಕ್ಕ. ಕುರಿ ಮೇಯುತ್ತಿದ್ದ ಬಯಲು ಗದ್ದೆಯಾದ ಮೇಲೆ ಅವನು ತನ್ನ ಕುರಿಗಳನ್ನು ಮಾರಿ, ಊರಿನ ಶ್ರೀಮಂತರೊಬ್ಬರ ಕುರಿ ಕಾಯುತ್ತಿದ್ದ. ಹಂಪಿಯ ಕಡೆಯ ಬಂಡೆಗಳ ನಡುವೆ ಅವುಗಳನ್ನು ಬಿಟ್ಟು, ಯಾವುದೋ ಹಾಳು ಕಟ್ಟೆಯ ಮೇಲೆ ಹತ್ತಿ ನಿಂತು ಗಟ್ಟಿಯಾಗಿ ಮಾತು ಒಪ್ಪಿಸುತ್ತಿದ್ದನಂತೆ. ಒಂದು ಸಲ ಫಾರಿನ್ನಿನವರು ಅವನ ಫೋಟೋ ಹಿಡಿದುಕೊಂಡು ಹೋದರಂತೆ. ಅವರೇನು ತಿಳಿದುಕೊಂಡರೋ ಪಾಪ.

"ನಲವತ್ತು ವರ್ಷ ರಾಜನ ಪಾತ್ರ ಬಿಟ್ಟು ಬ್ಯಾರೆ ಹಾಕಿಲ್ಲ ನಾನು," ಅಂದ ಒಂದು ದಿನ. "ವರ್ಷಕ್ಕ ಒಂದೇ ದಿನ ಟೀಚರಮ್ಮ. ಅಷ್ಟಾದ್ರ ಸಾಕು, ಉಳಿದದ್ದು ಹೆಂಗರ ಕಳಿತೈತಿ."

ಆಗ ನಾನು ಆ ಮಾತಿಗೆ ಹೆಚ್ಚು ಗಮನ ಕೊಡಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಹ್ಞೂಂ ಅಂದೆ.

ಆಟದ ದಿನ ಸಂಜೆ ಚರ್ಚಿನ ಅಂಗಳ ತುಂಬಿಹೋಯಿತು. ಪಾಪಿನಾಯಕನಹಳ್ಳಿಯಿಂದ ಮೂರು ಟ್ರಾಕ್ಟರಿನಲ್ಲಿ ಜನ ಬಂದಿದ್ದರು. ಭತ್ತ ಮನೆಗೆ ಬಂದಿತ್ತು, ಮೈಮೇಲೆ ಟೆರಿಲಿನ್ ಅಂಗಿ, ಕೈಗೆ ವಾಚು. ಮುಂದಿನ ಸಾಲಿನಲ್ಲಿ ಬೇರೆ ಊರಿನಿಂದ ಬಂದ ಚರ್ಚಿನ ಹಿರಿಯ ಗುರುಗಳು ಕೂತಿದ್ದರು. ಕೇಂದ್ರವನ್ನು ನಡೆಸಬೇಕೋ ಬೇಡವೋ ಅಂತ ಹೇಳುವವರು ಅವರೇ ಎಂದು ಫಾದರ್ ನಮಗೆ ಮೊದಲೇ ಹೇಳಿ ಹೆದರಿಸಿಟ್ಟಿದ್ದರು.

ಪರದೆಯ ಹಿಂದೆ ಗೆಜ್ಜೆ ಕುಟ್ಟಿದ ಸದ್ದು ಕೇಳಿದ್ದೇ ಜನ ಎದ್ದು ಕೂತರು. ಸಾರಥಿ ಕೇಳಿದ, ರಾಜ ಹೇಳಿದ. ಫಾದರ್ ಬರೆದುಕೊಟ್ಟದ್ದು ಹತ್ತು ಮಾತು. ಯಜಮಾನ ಆಡಿದ್ದು ಅರ್ಧ ಗಂಟೆ. ಐವತ್ತಾರು ದೇಶದ ಅರಸರು ತನಗೆ ಕಪ್ಪ ಕೊಡುತ್ತಾರೆಂದ, ತನ್ನ ರಾಜ್ಯದಲ್ಲಿ ವರ್ಷಕ್ಕೆ ಮೂರು ಬೆಳೆ ಎಂದ, ತನ್ನ ಕಾಲುವೆಯ ಕಟ್ಟಕಡೆಯ ಗದ್ದೆಗೂ ನೀರು ಮುಟ್ಟುತ್ತದೆಂದ. ಕಾಲುವೆಯ ಕೊನೆಯ ಗದ್ದೆಯವರು ಅಂಗಳದಲ್ಲೇ ಇದ್ದರು, ಹೋ ಅಂತ ಕೇಕೆ ಹಾಕಿದರು. ಹಸಿರು ಮಖಮಲ್ಲು ದೀಪದ ಬೆಳಕಿಗೆ ಮಿಂಚುತ್ತಿತ್ತು. ಕುರಿ ಕಾಯುವ ಮನುಷ್ಯ ಎಲ್ಲೂ ಇರಲಿಲ್ಲ. ನನ್ನ ಕೈಯ ಕೆಲಸ ಅಷ್ಟು ಎತ್ತರ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೆನ್ನುನೋವು ಮರೆತೆ, ನಿಜ ಹೇಳುತ್ತೇನೆ.

ಆಮೇಲೆ ರಾಜ, ಕೂಸುಗಳನ್ನು ಕೊಲ್ಲಿರಿ ಎಂದು ಅಪ್ಪಣೆ ಕೊಟ್ಟ. ಆ ಅಪ್ಪಣೆಯ ಗತ್ತು ಹೇಗಿತ್ತೆಂದರೆ ಪಾಪಿನಾಯಕನಹಳ್ಳಿಯ ಹಿರಿಯರೊಬ್ಬರು ತಡೆಯಲಾರದೆ ಎದ್ದು ರಂಗದ ಮೇಲೆ ಹತ್ತಿದರು. ನಮ್ಮ ಕಡೆ ಆಟ ಮೆಚ್ಚಿದರೆ ನಡುವೆಯೇ ನಿಲ್ಲಿಸಿ ಪಾತ್ರಧಾರಿಗೆ ಮುಯ್ಯಿ ಮಾಡುವ ಪದ್ಧತಿ. ಅವರು ರಾಜನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮಾಲೆ ಹಾಕಿದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಸಾಲು. ಪೇಟಿ ಮಾಸ್ತರರು ರೂಢಿಯಂತೆ ಒಬ್ಬೊಬ್ಬರ ಹೆಸರನ್ನೂ ಕೂಗಿದರು. ಕೊನೆಗೆ ಒಬ್ಬಳು ತಾಯಿ ತನ್ನ ಹಸುಗೂಸನ್ನೇ ತಂದು, ಇಂಥ ಗಂಡಸಾಗಲಿ ಅಂತ ರಾಜನ ಕಾಲ ಮೇಲೆ ಹಾಕಿ ಎತ್ತಿಕೊಂಡಳು. ಅತ್ತ ದೇವರ ಕೂಸನ್ನು ಮಲಗಿಸುವ ಗೋದಲಿಯ ಪಕ್ಕದಲ್ಲಿ ತಾಯಿಯ ಪಾತ್ರದ ಹುಡುಗಿ ಬಟ್ಟೆಯ ಗೊಂಬೆ ಎತ್ತಿಕೊಂಡು ಆಕಳಿಸುತ್ತ ಕೂತಿತ್ತು, ಅದರ ಕಡೆ ಯಾರೂ ನೋಡಲಿಲ್ಲ.

ಹಿರಿಯ ಗುರುಗಳು ಫಾದರ್ ಕಿವಿಯಲ್ಲಿ ಏನೋ ಕೇಳಿದರು. ಫಾದರ್ ಮುಖ ಕೆಂಪಾಯಿತು. ಮಕ್ಕಳನ್ನು ಕೊಲ್ಲಿಸಿದವನಿಗೆ ಹಾರ ಯಾಕೆ ಅಂತ ಕೇಳಿದರೆ ಯಾರು ಏನು ಹೇಳಬೇಕು? ಹಾರ ಹಾಕಿದ್ದು ಆ ರಾಜನಿಗಲ್ಲ, ಪಾತ್ರಕ್ಕೆ. ನಮಗೆ ಅದು ಹೇಳದೆಯೇ ಗೊತ್ತು. ಗೊತ್ತಿಲ್ಲದವರಿಗೆ ಹೇಳಿ ತಿಳಿಸುವ ಬಗೆ ಮಾತ್ರ ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೇಂದ್ರವನ್ನು ಮುಚ್ಚಲಿಲ್ಲ. ಆದರೆ ಮುಂದಿನ ವರ್ಷ ನಾಟಕದ ಮಾತು ಬಂದಾಗ ಫಾದರ್ ನನ್ನ ಹೊಲಿಗೆ ಕೋಣೆಗೆ ಬಂದು, ಈ ಸಲ ರಾಜ ರಂಗದ ಮೇಲೆ ಬರುವುದಿಲ್ಲ, ಅವನ ಅಪ್ಪಣೆಯನ್ನು ಪರದೆಯ ಹಿಂದಿನಿಂದ ಪೇಟಿ ಮಾಸ್ತರರು ಹೇಳುತ್ತಾರೆ ಅಂದರು. ಅವರಿಗೂ ಅದು ಹಿತವಾಗಿರಲಿಲ್ಲ, ಕಿಟಕಿಯ ಕಡೆ ನೋಡುತ್ತ ಮಾತಾಡಿದರು. ಯಜಮಾನರನ್ನು ಪೂರ್ತಿ ಬಿಡಲಿಕ್ಕಾಗುವುದಿಲ್ಲ, ಏನು ಕೊಡೋಣ ಅಂತ ನನ್ನನ್ನೇ ಕೇಳಿದರು.

ಅವತ್ತು ನನ್ನ ಮುಂದೆ ಹನ್ನೊಂದು ವೇಷ ಕತ್ತರಿಸದೆ ಬಿದ್ದಿದ್ದವು. ಗಂಡನಿಗೆ ಜ್ವರ, ಮನೆಯಲ್ಲಿ ನೀರಿಲ್ಲ, ಎರಡು ಮಷೀನು ಕೆಟ್ಟಿದ್ದವು. ನಾನು ತಲೆ ಎತ್ತದೆ ಹೇಳಿದೆ:

"ಕುರಿ ಕಾಯೋರ ಪಾತ್ರ ಕೊಡ್ರಿ ಫಾದರ್. ಕಂಬಳಿ, ಕೋಲು ಅವರ ಮೈಮ್ಯಾಲೇ ಅದಾವು. ನನಗ ಒಂದು ವೇಷ ಹೊಲಿಯೋದು ತಪ್ಪತೈತಿ."

ಫಾದರ್ ಒಳ್ಳೆಯದಾಯಿತು ಅಂತ ಹೋದರು. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ದೂರದೇಶದಿಂದ ಕೂಸನ್ನು ನೋಡಲು ಬರುವ ಮೂವರು ಜ್ಞಾನಿಗಳಿಗೆ ಟೊಪ್ಪಿಗೆ ಬೇಕಾಗಿತ್ತು. ಪೇಟೆಗೆ ಹೋಗಿ ಬಟ್ಟೆ ತರುವ ತ್ರಾಣ ನನಗಿರಲಿಲ್ಲ. ಪೆಟ್ಟಿಗೆಯಿಂದ ಹಸಿರು ನಿಲುವಂಗಿ ತೆಗೆದೆ. ರಾಜನೇ ಇಲ್ಲವೆಂದ ಮೇಲೆ ಇದು ಯಾರಿಗೆ ಅಂತ ಅಂದುಕೊಂಡು ಕತ್ತರಿ ಹಾಕಿದೆ. ಎರಡು ತೋಳಿನಲ್ಲಿ ಎರಡು ಟೊಪ್ಪಿಗೆ, ಬೆನ್ನಿನಲ್ಲಿ ಒಂದು. ಕನ್ನಡಿಯ ಅಂಚು ಸಹ ಹಾಗೇ ಕೂತಿತು. ಒಂದು ಗಂಟೆಯಲ್ಲಿ ಮುಗಿಯಿತೆಂದು ನನಗೆ ಖುಷಿಯೂ ಆಯಿತು.

ಯಜಮಾನ ಬಂದದ್ದು ಮಾರನೆಯ ವಾರ. ಈ ಸಲ ಗಂಟು ದೊಡ್ಡದಿತ್ತು. ಕಿರೀಟಕ್ಕೆ ಹೊಸ ಬೇಗಡೆ ಅಂಟಿಸಿ, ಭುಜಕೀರ್ತಿಗೆ ಬಣ್ಣ ಬಳಿದು ತಂದಿದ್ದ. ಕುರಿ ಕಾಯುತ್ತ ವರ್ಷವಿಡೀ ಹೊಸ ಮಾತು ಕಟ್ಟಿದ್ದನಂತೆ. ಈ ಸಲ ಸಾರಥಿ ಮೂರು ಪ್ರಶ್ನೆ ಹೆಚ್ಚು ಕೇಳಬೇಕೆಂದು ಪೇಟಿ ಮಾಸ್ತರರಿಗೆ ಆಗಲೇ ಹೇಳುತ್ತಿದ್ದ. ಪೇಟಿ ಮಾಸ್ತರರು ನನ್ನ ಕಡೆ ನೋಡಿದರು. ಫಾದರ್ ಊರಲ್ಲಿರಲಿಲ್ಲ. ಇಂಥ ಕೆಲಸಗಳೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತಿದ್ದವು.

ಹೇಳಿದೆ. ಪೂರ್ತಿ ಹೇಳಲಿಲ್ಲ, ಈ ವರ್ಷ ಕಥೆ ಸ್ವಲ್ಪ ಬದಲಾಗಿದೆ, ನಿಮಗೆ ಕುರಿ ಕಾಯುವ ಹಿರಿಯನ ಪಾತ್ರ, ದೇವದೂತ ಕೂಸು ಹುಟ್ಟಿದ ಸುದ್ದಿಯನ್ನು ಮೊಟ್ಟಮೊದಲು ಹೇಳುವುದೇ ಅವರಿಗೆ, ಬಹಳ ದೊಡ್ಡ ಪಾತ್ರ ಅಂತ ಬೆಣ್ಣೆ ಹಚ್ಚಿದೆ. ಯಾರು ಹೇಳಿ ಈ ಪಾತ್ರ ಬಂತೆಂಬುದನ್ನು ಮಾತ್ರ ಮುಚ್ಚಿಟ್ಟೆ. ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲಿದ್ದ ಮೂರು ಟೊಪ್ಪಿಗೆಗಳ ಮೇಲೆ ಬಿತ್ತು. ಒಂದನ್ನು ಎತ್ತಿ, ಕನ್ನಡಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ, ಇಟ್ಟ ಜಾಗದಲ್ಲೇ ಇಟ್ಟ. ಗಂಟು ಮತ್ತೆ ಕಟ್ಟಿಕೊಂಡು, ನಾಳೆ ಬರ್ತೀನ್ರಿ ಅಂತ ಹೋದ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆನೇನೋ.

ಅವನು ಒಂದು ತಾಲೀಮೂ ತಪ್ಪಿಸಲಿಲ್ಲ. ಕೊಟ್ಟ ಮಾತು ನಾಲ್ಕು. ಅದಕ್ಕೆ ಐದನೆಯದನ್ನು ಸೇರಿಸಲಿಲ್ಲ. ಫಾದರಿಗೆ ಬಹಳ ಸಮಾಧಾನ. ಎಷ್ಟು ಸಹಜ ಅಭಿನಯ ನೋಡಿ ಟೀಚರ್ ಅಂತ ನನಗೆ ಹೇಳಿದರು.

ಆ ವರ್ಷವೂ ಟ್ರಾಕ್ಟರುಗಳು ಬಂದವು. ಪರದೆ ಸರಿಯಿತು, ಬೆಂಕಿಯ ಹಾಗೆ ಕೆಂಪು ಕಾಗದ ಕಟ್ಟಿದ ದೀಪದ ಸುತ್ತ ಕುರಿ ಕಾಯುವವರು ಕೂತಿದ್ದರು. ಯಜಮಾನ ಕಂಬಳಿ ಹೊದ್ದು ನಡುವೆ ಕೂತಿದ್ದ. ಎದ್ದು ನಿಂತು, ನಾವು ಬಡವರು, ಕುರಿ ಕಾಯುವವರು, ನಮಗ್ಯಾಕೆ ಈ ಬೆಳಕು ಎಂದು ಬರೆದುಕೊಟ್ಟಷ್ಟೇ ಹೇಳಿದ. ಯಾರೂ ಕೇಕೆ ಹಾಕಲಿಲ್ಲ. ಹೆಂಗಸರು ತಮ್ಮತಮ್ಮ ಮಾತು ಆಡಿಕೊಳ್ಳುತ್ತಿದ್ದರು. ನಾನು ರಂಗದ ಪಕ್ಕದ ಮೆಟ್ಟಿಲ ಮೇಲೆ ಸೂಜಿದಾರ ಹಿಡಿದು ಕೂತಿದ್ದೆ. ಹೋದ ವರ್ಷ ಮೊದಲು ಶಾಲು ಹೊದಿಸಿದ್ದ ಹಿರಿಯರು ಮಡಿಲಲ್ಲಿ ಹೊಸ ಶಾಲು ಇಟ್ಟುಕೊಂಡು ನನ್ನ ಹತ್ತಿರವೇ ಕೂತಿದ್ದರು. ಯಜಮಾನ ಎದುರಿಗೇ ನಿಂತಿದ್ದ. ಅವರು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು:

"ನಮ್ಮೂರಾವ ಯಾವಾಗ ಬರ್ತಾನ್ರಿ?"

ಬಂದಿದ್ದಾರೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಇನ್ನೇನು ಬರ್ತಾರೆ ಅಂದುಬಿಟ್ಟೆ. ಅವರು ಮಂಗಳ ಹಾಡುವವರೆಗೂ ಶಾಲು ಹಿಡಿದುಕೊಂಡು ಕಾದರು. ರಂಗದ ಮೇಲಿದ್ದವನಿಗೆ ಆ ಮಾತು ಕೇಳಿಸಿತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಸುವಷ್ಟು ಹತ್ತಿರವಂತೂ ಇದ್ದ.

ಆಟ ಮುಗಿದ ಮೇಲೆ ವೇಷ ಬಿಚ್ಚಿಸಿ, ಮಡಿಸಿ, ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಬಣ್ಣದ ಕೋಣೆಯಲ್ಲಿ ಸಾಲಾಗಿ ಬಂದರು. ದೇವದೂತರು ರೆಕ್ಕೆ ಕೊಟ್ಟರು. ಜ್ಞಾನಿಗಳು ಹಸಿರು ಟೊಪ್ಪಿಗೆ ಕೊಟ್ಟರು. ಸೈನಿಕರು ಬೆಲ್ಟು ಕೊಟ್ಟರು. ಕೊಟ್ಟವರು ಕೊಟ್ಟಂತೆ ತಮ್ಮ ತಮ್ಮ ಅಂಗಿ ಹಾಕಿಕೊಂಡು, ನಗುತ್ತ, ಕಾರ್ಖಾನೆಯವರೂ ಅಂಗಡಿಯವರೂ ಆಗಿ ಹೊರಗೆ ಹೋದರು. ಸಾಲಿನ ಕೊನೆಗೆ ಯಜಮಾನ ನಿಂತಿದ್ದ. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವನ ಹತ್ತಿರ ಕೊಡಲು ಏನೂ ಇರಲಿಲ್ಲ. ಕಂಬಳಿ ಅವನದೇ, ಕೋಲು ಅವನದೇ.

ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲೂ ಆಗದೆ ನಾನು ಹಾಗೇ ನಿಂತೆ. ಅವನು ನನ್ನ ಕೈ ನೋಡಿದ, ಪೆಟ್ಟಿಗೆ ನೋಡಿದ, ಆಮೇಲೆ ಕೇಳಿದ. ಕೋಪದ ದನಿಯಲ್ಲ ಅದು. ದಿನವಿಡೀ ನಡೆದವರು ನೀರು ಕೇಳುವಾಗಿನ ದನಿ.

"ರಾಜನ್ನ ಆಟ ಮುಗದ ಮ್ಯಾಲೆ ಬಿಚ್ಚಿ ಇಡತಿದ್ದೆ ಟೀಚರಮ್ಮ. ಇದನ್ನ ಎಲ್ಲಿ ಬಿಚ್ಚಿ ಇಡ್ಲಿ?"

ನನಗೆ ದಣಿವಾಗಿತ್ತು, ಯಜಮಾನರೇ, ಅದಕ್ಕೇ ಹಾಗೆ ಮಾಡಿದೆ ಅಂತ ಹೇಳಬೇಕಿತ್ತು. ದಣಿವಿನ ಮಾತನ್ನು ಅವನ ಮುಂದೆ ಆಡಲು ನನಗೆ ನಾಚಿಕೆಯಾಯಿತು. ಅವನು ಕಂಬಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಬೆಳಿಗ್ಗೆ ಕುರಿ ಬಿಡಬೇಕು ಅಂತ ಹೊರಟ.

ಹಳ್ಳಿಯವರು ಸಪ್ಪಗೆ ಎದ್ದುಹೋದದ್ದನ್ನು ಕಂಡಿದ್ದರೋ ಏನೋ, ಮುಂದಿನ ವರ್ಷ ಫಾದರ್ ತಾವಾಗಿಯೇ ರಾಜನನ್ನು ರಂಗಕ್ಕೆ ಕರೆಸೋಣ ಅಂದರು. ನಾನು ಯಾರೂ ಕೇಳದೆಯೇ ಪೇಟೆಗೆ ಹೋಗಿ ಹಸಿರು ಮಖಮಲ್ಲು ತಂದು, ನನ್ನ ಮನಸ್ಸಿನಲ್ಲಿದ್ದ ಅಳತೆಗೇ ಹೊಲಿದೆ. ಮೂರು ಸಲ ಹೇಳಿಕಳಿಸಿದೆವು. ಅವನು ಬರಲಿಲ್ಲ. ಪೇಟಿ ಮಾಸ್ತರರ ತಮ್ಮ ಅದನ್ನು ಹಾಕಿಕೊಂಡ. ಭುಜದಲ್ಲಿ ಸಡಿಲಾಯಿತು, ಸೂಜಿ ಹಾಕಿ ಹಿಡಿದೆ.